ಮೈಸೂರು, ಮಂಡ್ಯದಿಂದ ರೇಸ್ ಟ್ರ್ಯಾಕಿಗೆ: ಶುರು ಮಾಡುವುದು ಹೇಗೆ, ಕೈ ಸುಟ್ಟುಕೊಳ್ಳುವುದು ಎಲ್ಲಿ

ಈ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. ಮಗನಿಗೋ ಮಗಳಿಗೋ ಅಥವಾ ತಮಗೇ ರೇಸಿಂಗ್ ಹುಚ್ಚು ಹಿಡಿದಿದೆ, ಯಾವ ಬೈಕ್ ತಗೊಳ್ಳಲಿ, ಯಾವ ಕಾರು ತಗೊಳ್ಳಲಿ? ಸದ್ಯಕ್ಕೆ ಯಾವುದನ್ನೂ ತಗೋಬೇಡಿ. ಮೊದಲ ಎರಡು ವರ್ಷ ಬೇರೆಯವರ ಯಂತ್ರದಲ್ಲೇ ಓಡಿಸಿ. ಬಾಡಿಗೆ ಕಾರ್ಟ್, ರೇಸಿಂಗ್ ಶಾಲೆಯ ಕಾರು, ಕಂಪನಿ ಕೊಡುವ ಬೈಕ್, ಯಾವುದಾದರೂ ಸರಿ. ಸಾಲ ಮಾಡಿ ಬೈಕ್ ಕೊಂಡು, ಅದಕ್ಕೆ ಎಕ್ಸಾಸ್ಟ್ ಬದಲಿಸಿ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ರೀಮ್ಯಾಪ್ ಮಾಡಿಸಿಕೊಂಡವರು ಟ್ರ್ಯಾಕಿಗೆ ಹೋಗುವ ಹೊತ್ತಿಗೆ ಪ್ರವೇಶ ಶುಲ್ಕಕ್ಕೂ ದುಡ್ಡಿರುವುದಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಶುರು ಮಾಡುವ ಮೊದಲೇ ಒಂದು ಎಚ್ಚರಿಕೆ. ರಿಂಗ್ ರೋಡ್, ಚಾಮುಂಡಿ ಬೆಟ್ಟದ ರಸ್ತೆ, ಬೆಂಗಳೂರು ಎಕ್ಸ್‌ಪ್ರೆಸ್‌ವೇ ಇವು ಯಾವುವೂ ಅಭ್ಯಾಸದ ಜಾಗಗಳಲ್ಲ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಮೊದಲ ಸಲವೇ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಹದಿನೆಂಟು ತುಂಬದ ಮಕ್ಕಳ ಕೈಗೆ ಗಾಡಿ ಕೊಟ್ಟು ಸಿಕ್ಕಿಬಿದ್ದರೆ 199ಎ ಕಲಂ ಬರುತ್ತದೆ. ಪೋಷಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಮಗುವಿಗೆ 25 ತುಂಬುವವರೆಗೆ ಡಿಎಲ್ ಇಲ್ಲ. ರಸ್ತೆಯಲ್ಲಿ ಜೋರಾಗಿ ಓಡಿಸಿ ಕಲಿತದ್ದು ಟ್ರ್ಯಾಕಿನಲ್ಲಿ ಉಪಯೋಗಕ್ಕೂ ಬರುವುದಿಲ್ಲ, ಅದನ್ನು ಮರೆಸಲು ತರಬೇತುದಾರರಿಗೆ ಒಂದು ಇಡೀ ದಿನ ಬೇಕಾಗುತ್ತದೆ.

ಹಂತ 1: ನಿಮ್ಮ ದಾರಿ ಯಾವುದೆಂದು ಗೊತ್ತು ಮಾಡಿಕೊಳ್ಳಿ

ರೇಸಿಂಗ್ ಅಂದರೆ ಒಂದೇ ಆಟವಲ್ಲ. ವಯಸ್ಸು ಮತ್ತು ಜೇಬು ಸೇರಿ ದಾರಿಯನ್ನು ನಿರ್ಧರಿಸುತ್ತವೆ.

ಏಳೆಂಟರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಕಾರ್ಟಿಂಗ್. ಕಾರ್ಟ್ ಎಂದರೆ ಸಸ್ಪೆನ್ಷನ್ ಇಲ್ಲದ, ನೆಲಕ್ಕೆ ಅಂಟಿಕೊಂಡಂತಿರುವ ಪುಟ್ಟ ರೇಸ್ ಗಾಡಿ. ಫಾರ್ಮುಲಾ ಕಾರು, ಅಂದರೆ ಒಬ್ಬರೇ ಕೂರುವ, ಚಕ್ರಗಳು ಹೊರಗೆ ಚಾಚಿದ ರೇಸ್ ಕಾರು, ಓಡಿಸುವವರಲ್ಲಿ ಹೆಚ್ಚಿನವರು ಶುರು ಮಾಡಿದ್ದು ಇಲ್ಲಿಂದಲೇ. ಹದಿನೈದು ದಾಟಿದರೆ ಆ ಕಾರುಗಳ ಕೆಳಮೆಟ್ಟಿಲಾದ ಫಾರ್ಮುಲಾ 4ಕ್ಕೆ (ಎಫ್4) ವಯಸ್ಸಿನ ಅರ್ಹತೆ ಬರುತ್ತದೆ. ಆದರೆ ಯೂರೋಪಿನಲ್ಲಿ ಅದರ ಒಂದು ಸೀಸನ್ ಎಂದರೆ ಕೋಟಿಗಳ ಲೆಕ್ಕ. ಬೆಂಗಳೂರಿನ ಅರ್ಜುನ್ ಮೈನಿ, ಕುಶ್ ಮೈನಿ ಸಹೋದರರು ಏರಿದ್ದು ಆ ಏಣಿಯನ್ನು, ಅದರ ಹಿಂದೆ ಎಷ್ಟು ಹಣ ಮತ್ತು ಪ್ರಾಯೋಜಕರು ಬೇಕು ಎಂಬುದನ್ನು ಊಹಿಸಿಕೊಳ್ಳಿ. ನಮ್ಮ ದೇಶದಲ್ಲೇ ಇರುವ ಅಗ್ಗದ ದಾರಿ ಜೆಕೆ ಟೈರ್ ಚಾಂಪಿಯನ್‌ಶಿಪ್ಪಿನ ನೋವಿಸ್ ಕಪ್ ಮತ್ತು ಅದರ ಮೇಲಿನ ಎಲ್‌ಜಿಬಿ ಫಾರ್ಮುಲಾ 4. ಹೆಸರು ಫಾರ್ಮುಲಾ 4 ಆದರೂ ಇದು ಅಂತಾರಾಷ್ಟ್ರೀಯ ಎಫ್4 ಅಲ್ಲ. ಇದರಲ್ಲಿರುವುದು ಮಾರುತಿ ಸುಝುಕಿಯ 1300 ಸಿಸಿ ಎಂಜಿನ್. ಎರಡನ್ನೂ ಒಂದೇ ಎಂದುಕೊಂಡು ಅರ್ಜಿ ಹಾಕುವವರು ಇದ್ದಾರೆ.

ಬೈಕ್ ಆದರೆ ಒನ್ ಮೇಕ್ ರೇಸ್ ನೋಡಿ. ಒಂದೇ ಕಂಪನಿಯ ಒಂದೇ ಮಾದರಿಯ ಬೈಕನ್ನು ಎಲ್ಲರಿಗೂ ಕಂಪನಿಯೇ ಸಿದ್ಧ ಮಾಡಿ ಕೊಡುವ ಸ್ಪರ್ಧೆ ಇದು. ಟಿವಿಎಸ್, ಹೋಂಡಾ, ರಾಯಲ್ ಎನ್‌ಫೀಲ್ಡ್ ಇಂಥವನ್ನು ನಡೆಸಿವೆ. ಆಯ್ಕೆ ಸುತ್ತಿಗೆ ಹೆಸರು ಕೊಟ್ಟು, ನಿಮ್ಮ ಸುರಕ್ಷತಾ ಉಡುಪು ಹಾಕಿಕೊಂಡು ಹೋಗಿ, ಸಮಯ ದಾಖಲಿಸಬೇಕು, ಅಷ್ಟೆ. ಕೋಟ್ಯಧಿಪತಿ ಅಪ್ಪನಿಲ್ಲದ ಹುಡುಗ ಹುಡುಗಿಯರಿಗೆ ನಮ್ಮ ಮಟ್ಟಿಗೆ ಇದಕ್ಕಿಂತ ನ್ಯಾಯವಾದ ಬಾಗಿಲು ಇನ್ನೊಂದಿಲ್ಲ. ಅಂದಹಾಗೆ, ಟಿವಿಎಸ್ ಕಾರ್ಖಾನೆ ಕಡಕೊಳದಲ್ಲಿ ಇದೆ ಎಂದು ಅಲ್ಲಿನ ಗೇಟಿಗೆ ಹೋಗಿ ರೇಸಿಂಗ್ ವಿಚಾರಿಸಬೇಡಿ. ಆಯ್ಕೆಯ ಪ್ರಕಟಣೆ ಕಂಪನಿಯ ರೇಸಿಂಗ್ ವಿಭಾಗದ ಅಧಿಕೃತ ಖಾತೆಗಳಲ್ಲಿ ಬರುತ್ತದೆ.

ಹದಿನೆಂಟು ತುಂಬಿ ಡಿಎಲ್ ಕೈಗೆ ಬಂದವರಿಗೆ ಆಟೋಕ್ರಾಸ್ ಮತ್ತು ರ‍್ಯಾಲಿ. ಆಟೋಕ್ರಾಸ್ ಎಂದರೆ ಮಣ್ಣಿನ ಮೈದಾನದಲ್ಲಿ ಗುರುತು ಮಾಡಿದ ದಾರಿಯಲ್ಲಿ ಒಬ್ಬೊಬ್ಬರಾಗಿ ಗಡಿಯಾರದ ವಿರುದ್ಧ ಓಡಿಸುವುದು. ಅದನ್ನೇ ದೂರದ ರಸ್ತೆ, ಮಣ್ಣಿನ ಹಾದಿಗಳಲ್ಲಿ ಮಾಡಿದರೆ ರ‍್ಯಾಲಿ. ಮೈಸೂರಿನ ಲಲಿತಮಹಲ್ ಬಳಿಯ ಮೈದಾನದಲ್ಲಿ ಈ ಬಗೆಯ ಮಣ್ಣಿನ ಸ್ಪರ್ಧೆಗಳು ನಡೆದಿವೆ, ಹಾಗಾಗಿ ದಸರಾ ಸಮಯದಲ್ಲಿ ಕಣ್ಣಿಟ್ಟಿರಿ. ಉಡುಪಿಯ ಬೈಕ್ ಸವಾರ ಕೆ.ಪಿ. ಅರವಿಂದ್ ಮತ್ತು 2015ರಲ್ಲಿ ಹಲವು ದಿನಗಳ ಕಠಿಣ ಡಾಕಾರ್ ರ‍್ಯಾಲಿ ಪೂರೈಸಿದ ಮೊದಲ ಭಾರತೀಯ ಬೆಂಗಳೂರಿನ ಸಿ.ಎಸ್. ಸಂತೋಷ್ ಮಣ್ಣಿನಲ್ಲೇ ಪಳಗಿದವರು. 2019ರಲ್ಲಿ ಬೈಕ್ ಕ್ರೀಡೆಯ ಅಂತಾರಾಷ್ಟ್ರೀಯ ಸಂಸ್ಥೆ ಎಫ್‌ಐಎಂ ನಡೆಸುವ ಬಾಹಾ (ಮಣ್ಣು, ಮರಳಿನ ಹಾದಿಯ ಸ್ಪರ್ಧೆ) ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದ ಐಶ್ವರ್ಯ ಪಿಸ್ಸೆ ಕೂಡ ಬೆಂಗಳೂರಿನವರೇ.

ಇನ್ನೊಂದು ದಾರಿಯನ್ನು ಯಾರೂ ಕೇಳುವುದೇ ಇಲ್ಲ: ಸಹಚಾಲಕ. ರ‍್ಯಾಲಿಯಲ್ಲಿ ಪಕ್ಕದಲ್ಲಿ ಕುಳಿತು ತಿರುವುಗಳ ಟಿಪ್ಪಣಿ ಓದುವವರು. ಕಾಸರಗೋಡಿನ ಮೂಸಾ ಶರೀಫ್ ಹೆಸರು ಮಾಡಿದ್ದು ಆ ಸೀಟಿನಲ್ಲಿ. ಕಾರಿನ ಖರ್ಚಿಲ್ಲ, ಬೇಕಾದದ್ದು ಲೆಕ್ಕ ಮತ್ತು ತಾಳ್ಮೆ. ಕಲಿಯಲು ಟಿಎಸ್‌ಡಿ (ಟೈಮ್, ಸ್ಪೀಡ್, ಡಿಸ್ಟನ್ಸ್) ರ‍್ಯಾಲಿ ಸಾಕು. ಅದರಲ್ಲಿ ವೇಗ ಮುಖ್ಯವಲ್ಲ, ಕೊಟ್ಟ ಸರಾಸರಿ ವೇಗದಲ್ಲಿ ಸರಿಯಾದ ಸೆಕೆಂಡಿಗೆ ತಲುಪಬೇಕು. ಸೂತ್ರ ಸುಲಭ: 3600ನ್ನು ವೇಗದಿಂದ ಭಾಗಿಸಿದರೆ ಒಂದು ಕಿಲೋಮೀಟರಿಗೆ ಎಷ್ಟು ಸೆಕೆಂಡು ಎಂದು ಸಿಗುತ್ತದೆ. ಗಂಟೆಗೆ 36 ಕಿ.ಮೀ. ಎಂದರೆ ಕಿಲೋಮೀಟರಿಗೆ 100 ಸೆಕೆಂಡು, 12.4 ಕಿ.ಮೀ. ದೂರಕ್ಕೆ 1240 ಸೆಕೆಂಡು, ಅಂದರೆ 20 ನಿಮಿಷ 40 ಸೆಕೆಂಡು. ಇದನ್ನು ಕುಲುಕುವ ಕಾರಿನಲ್ಲಿ, ವಾಂತಿ ಬಾರದಂತೆ, ಬಾಯಲ್ಲೇ ಮಾಡಬಲ್ಲವರಿಗೆ ಸೀಟು ಸಿಗುವುದು ಕಷ್ಟವಲ್ಲ.

ಹಂತ 2: ಬಾಡಿಗೆ ಕಾರ್ಟಿನಲ್ಲಿ ಲ್ಯಾಪ್ ಲೆಕ್ಕ

ಬೈಕಿನವರೂ ರ‍್ಯಾಲಿಯವರೂ ಇದನ್ನು ಬಿಡಬೇಡಿ. ಬೆಂಗಳೂರಿನಲ್ಲಿ ಹಲವು ಬಾಡಿಗೆ ಟ್ರ್ಯಾಕ್‌ಗಳಿವೆ. ಅಲ್ಲಿನ ಕಾರ್ಟುಗಳಲ್ಲಿ ಸಾಮಾನ್ಯವಾಗಿ 200 ಅಥವಾ 270 ಸಿಸಿಯ ನಾಲ್ಕು ಸ್ಟ್ರೋಕ್ ಎಂಜಿನ್ ಇರುತ್ತದೆ, ಆರರಿಂದ ಒಂಬತ್ತು ಎಚ್‌ಪಿ ಆಸುಪಾಸು. ಶನಿವಾರ, ಭಾನುವಾರ ಹೋಗಬೇಡಿ. ಹುಟ್ಟುಹಬ್ಬದ ಗುಂಪುಗಳ ನಡುವೆ ಒಂದು ಲ್ಯಾಪೂ (ಟ್ರ್ಯಾಕಿನ ಪೂರ್ತಿ ಒಂದು ಸುತ್ತು) ನೆಟ್ಟಗೆ ಸಿಗುವುದಿಲ್ಲ. ವಾರದ ದಿನ ಬೆಳಗ್ಗೆ ಹೋಗಿ, ಬೆನ್ನು ಬೆನ್ನಿಗೆ ಮೂರು ಸೆಷನ್ ತಗೊಳ್ಳಿ.

ಪ್ರತಿ ಸೆಷನ್ ಮುಗಿದ ಮೇಲೆ ಟೈಮಿಂಗ್ ಹಾಳೆ ಕೇಳಿ ಪಡೆಯಿರಿ. ಎಲ್ಲರೂ ನೋಡುವುದು ಅತಿ ವೇಗದ ಲ್ಯಾಪನ್ನು. ನೀವು ನೋಡಬೇಕಾದದ್ದು ಸತತ ಐದು ಲ್ಯಾಪ್‌ಗಳಲ್ಲಿ ಅತಿ ವೇಗದ್ದಕ್ಕೂ ಅತಿ ನಿಧಾನದ್ದಕ್ಕೂ ಇರುವ ಅಂತರ. ಅದು 0.3 ಸೆಕೆಂಡಿನೊಳಗೆ ಬರುವವರೆಗೆ ನೀವು ವೇಗ ಹೆಚ್ಚಿಸುವ ಯೋಚನೆ ಮಾಡಬೇಡಿ. ಒಂದು ಲ್ಯಾಪ್ 41.2, ಮುಂದಿನದು 42.6 ಎಂದಿದ್ದರೆ ಆ 41.2 ಹೇಗೆ ಬಂತೆಂಬುದು ನಿಮಗೇ ಗೊತ್ತಿಲ್ಲ ಎಂದರ್ಥ.

ಸಾಮಾನ್ಯವಾಗಿ ಎಡವುವುದು ಹೀಗೆ. ಕಾರ್ಟಿನಲ್ಲಿ ಎಡಗಾಲು ಬ್ರೇಕಿಗೆ, ಬಲಗಾಲು ಆಕ್ಸಿಲರೇಟರಿಗೆ. ರಸ್ತೆಯ ಅಭ್ಯಾಸದಿಂದ ಎರಡನ್ನೂ ಒಟ್ಟಿಗೆ ಒತ್ತಿದರೆ ಎಂಜಿನ್ ವೇಗ ಏರಿದಾಗ ತಾನಾಗಿ ಹಿಡಿಯುವ ಸೆಂಟ್ರಿಫ್ಯೂಗಲ್ ಕ್ಲಚ್ ಕಾದು ಹೋಗಿ ಗಾಡಿ ಮುಂದಿನ ಲ್ಯಾಪಿನಲ್ಲಿ ಎಳೆಯುವುದೇ ಇಲ್ಲ. ಎರಡನೆಯದು, ತಿರುವಿನೊಳಗೆ ಬ್ರೇಕ್ ಹಿಡಿಯುವುದು. ಕಾರ್ಟಿಗೆ ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಇಲ್ಲ, ಹಿಂದಿನ ಎರಡು ಚಕ್ರಗಳೂ ಒಂದೇ ಆಕ್ಸಲ್ಲಿಗೆ ಗಟ್ಟಿಯಾಗಿ ಕೂತಿರುತ್ತವೆ. ತಿರುವಿನಲ್ಲಿ ಒಳಗಿನ ಹಿಂದಿನ ಚಕ್ರ ನೆಲದಿಂದ ಸ್ವಲ್ಪ ಹಗುರವಾದರೆ ಮಾತ್ರ ಗಾಡಿ ತಿರುಗುತ್ತದೆ. ಆದ್ದರಿಂದ ನೇರ ಹಾದಿಯಲ್ಲೇ ಬ್ರೇಕ್ ಮುಗಿಸಿ, ಸ್ಟೀರಿಂಗನ್ನು ಒಂದೇ ಸಲ ತಿರುಗಿಸಿ, ತಿರುವಿನ ಒಳ ಅಂಚು ಮುಟ್ಟುವ ಬಿಂದು, ಅಂದರೆ ಅಪೆಕ್ಸ್, ಕಣ್ಣಿಗೆ ಬಿದ್ದ ಮೇಲೆ ಆಕ್ಸಿಲರೇಟರ್ ಒತ್ತಿ. ಹಿಂಭಾಗ ಜಾರಿಸಿ ಟೈರ್ ಕಿರುಚಿಸುವುದು ನೋಡಲು ಚೆಂದ, ಆದರೆ ಒಂಬತ್ತು ಎಚ್‌ಪಿ ಗಾಡಿಯಲ್ಲಿ ಜಾರಿದ ಪ್ರತಿ ಸಲವೂ ಎಂಜಿನ್ ಉಸಿರು ಕಳೆದುಕೊಳ್ಳುತ್ತದೆ.

ಮನೆಯಲ್ಲಿ ಸಿಮ್ಯುಲೇಟರ್ ಇದ್ದರೆ ಒಳ್ಳೆಯದು. ಟ್ರ್ಯಾಕಿನ ತಿರುವುಗಳ ಕ್ರಮ, ಬ್ರೇಕ್ ಹಿಡಿಯುವ ಜಾಗ, ಓವರ್‌ಟೇಕ್ ಲೆಕ್ಕಾಚಾರ ಎಲ್ಲ ಕಲಿಯಬಹುದು. ಮೈಗೆ ಬರುವ ಎಳೆತ, ಬಿಸಿಲು, ಹೆದರಿಕೆ ಮಾತ್ರ ಅದರಲ್ಲಿ ಸಿಗುವುದಿಲ್ಲ.

ಹಂತ 3: ಒಂದು ಸ್ಪರ್ಧೆಗೆ ಮಾರ್ಷಲ್ ಆಗಿ ಹೋಗಿ

ಮಾರ್ಷಲ್ ಎಂದರೆ ಟ್ರ್ಯಾಕಿನ ಬದಿಯಲ್ಲಿ ಧ್ವಜ ತೋರಿಸುವ, ಅಪಘಾತವಾದರೆ ಓಡಿಬರುವ ಸ್ವಯಂಸೇವಕ. ರ‍್ಯಾಲಿ ನಡೆಸುವ ಕ್ಲಬ್ಬುಗಳಿಗೆ ಸದಾ ಜನ ಸಾಲುವುದಿಲ್ಲ. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಕೆ1000 ರ‍್ಯಾಲಿ ನಡೆಸುತ್ತದೆ, ಅಂಥ ಕಡೆ ವಿಚಾರಿಸಿ. ಒಂದು ವಾರಾಂತ್ಯದಲ್ಲಿ ತಪಾಸಣೆ ಹೇಗೆ ನಡೆಯುತ್ತದೆ, ಯಾರ ಗಾಡಿ ಯಾಕೆ ತಿರಸ್ಕೃತವಾಗುತ್ತದೆ, ಯಾವ ತಂಡಕ್ಕೆ ಮೆಕ್ಯಾನಿಕ್ ಬೇಕು ಎಲ್ಲ ಗೊತ್ತಾಗುತ್ತದೆ. ಖರ್ಚು ಬಸ್ ಚಾರ್ಜ್ ಮಾತ್ರ.

ಹಂತ 4: ತರಬೇತಿ ಮತ್ತು ಲೈಸೆನ್ಸ್

ಮೋಟಾರ್ ಕ್ರೀಡೆಯನ್ನು ದೇಶದಲ್ಲಿ ನಡೆಸುವುದು ಎಫ್‌ಎಂಎಸ್‌ಸಿಐ, ಅಂದರೆ ಮೋಟಾರ್ ಕ್ರೀಡಾ ಕ್ಲಬ್ಬುಗಳ ರಾಷ್ಟ್ರೀಯ ಒಕ್ಕೂಟ. ಕಾರುಗಳಿಗೆ ಎಫ್‌ಐಎ, ಬೈಕುಗಳಿಗೆ ಎಫ್‌ಐಎಂ ಎಂಬ ಅಂತಾರಾಷ್ಟ್ರೀಯ ಸಂಸ್ಥೆಗಳಿಗೆ ಇದು ಸೇರಿದೆ. ಮಾನ್ಯತೆ ಪಡೆದ ಸ್ಪರ್ಧೆಗೆ ಇಳಿಯಲು ಇದರ ಸ್ಪರ್ಧಾ ಲೈಸೆನ್ಸ್ ಬೇಕು. ಆರ್‌ಟಿಒ ಕೊಡುವ ಡಿಎಲ್‌ಗೂ ಇದಕ್ಕೂ ಸಂಬಂಧವಿಲ್ಲ. ಕಾರ್ಟ್ ಓಡಿಸುವ ಮಗುವಿಗೆ ಡಿಎಲ್ ಬೇಡ. ಸಾರ್ವಜನಿಕ ರಸ್ತೆಯಲ್ಲಿ ಹಾದುಹೋಗುವ ರ‍್ಯಾಲಿಗೆ ಮಾತ್ರ ಎರಡೂ ಬೇಕು.

ಅರ್ಜಿ ಆನ್‌ಲೈನಿನಲ್ಲಿ. ಸಿದ್ಧವಾಗಿಟ್ಟುಕೊಳ್ಳಬೇಕಾದವು: ಫೋಟೋ, ವಯಸ್ಸಿನ ದಾಖಲೆ, ರಕ್ತದ ಗುಂಪು, ವೈದ್ಯರು ಸಹಿ ಹಾಕಿ ಮೊಹರು ಒತ್ತಿದ ದೈಹಿಕ ಕ್ಷಮತೆಯ ಪ್ರಮಾಣಪತ್ರ, ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ ಪತ್ರ. ಎರಡು ಚಕ್ರಕ್ಕೂ ನಾಲ್ಕು ಚಕ್ರಕ್ಕೂ ಲೈಸೆನ್ಸ್ ಬೇರೆ ಬೇರೆ, ಕೊಂಡ ಮೇಲೆ ಬದಲಿಸಲಾಗುವುದಿಲ್ಲ. ಅದರ ಅವಧಿ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ನವೆಂಬರಿನಲ್ಲಿ ಮಾಡಿಸಿದರೆ ದುಡ್ಡು ದಂಡ, ಜನವರಿಯಲ್ಲೇ ಮಾಡಿಸಿ.

ತರಬೇತಿ ಶಾಲೆಗಳು ಹೆಚ್ಚಾಗಿ ಎರಡು ಟ್ರ್ಯಾಕ್‌ಗಳಲ್ಲಿ ನಡೆಯುತ್ತವೆ: ಕೊಯಮತ್ತೂರಿನ ಚೆಟ್ಟಿಪಾಳಯಂ ಬಳಿಯ 2.1 ಕಿ.ಮೀ. ಉದ್ದದ ಕರಿ ಮೋಟಾರ್ ಸ್ಪೀಡ್‌ವೇ ಮತ್ತು ಚೆನ್ನೈ ಹೊರವಲಯದ ಇರುಂಗಾಟ್ಟುಕೋಟೈಯಲ್ಲಿರುವ 3.7 ಕಿ.ಮೀ. ಉದ್ದದ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಹೊಸಬರಿಗೆ ನಮ್ಮ ಸಲಹೆ ಕರಿ. ಚಿಕ್ಕದು, ವೇಗ ಕಡಿಮೆ, ಒಂದೇ ದಿನದಲ್ಲಿ ಹೆಚ್ಚು ಲ್ಯಾಪ್ ಸಿಗುತ್ತವೆ. ದುಡ್ಡು ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ: ನನಗೆ ಸಿಗುವ ಟ್ರ್ಯಾಕ್ ಸಮಯ ಎಷ್ಟು ನಿಮಿಷ? ಗಾಡಿ ಜಖಂ ಆದರೆ ಯಾರು ಕೊಡಬೇಕು, ಗರಿಷ್ಠ ಎಷ್ಟು? ಆಂಬುಲೆನ್ಸ್ ಮತ್ತು ವೈದ್ಯರು ಟ್ರ್ಯಾಕಿನಲ್ಲೇ ಇರುತ್ತಾರೆಯೇ? ಮೂರನೆಯದಕ್ಕೆ ತಡವರಿಸಿದರೆ ವಾಪಸ್ ಬನ್ನಿ. 2023ರ ಆಗಸ್ಟಿನಲ್ಲಿ ಬೆಂಗಳೂರಿನ 13 ವರ್ಷದ ಸವಾರನೊಬ್ಬ ಚೆನ್ನೈ ಟ್ರ್ಯಾಕಿನ ರೇಸಿನಲ್ಲಿ ಬಿದ್ದು ತೀರಿಕೊಂಡ. ಸಹಿ ಹಾಕುವ ಪೋಷಕರು ಇದನ್ನು ತಿಳಿದೇ ಸಹಿ ಹಾಕಬೇಕು.

ಹಂತ 5: ಉಡುಪು ಮತ್ತು ಹೆಲ್ಮೆಟ್

ಯಂತ್ರ ಕೊಳ್ಳಬೇಡಿ ಎಂದದ್ದು ಇದಕ್ಕೆ ಅನ್ವಯಿಸುವುದಿಲ್ಲ. ಹೆಲ್ಮೆಟ್ ಸ್ವಂತದ್ದೇ ಇರಬೇಕು.

ರಸ್ತೆಯ ಐಎಸ್‌ಐ ಹೆಲ್ಮೆಟ್ ರೇಸಿಗೆ ನಡೆಯುವುದಿಲ್ಲ. ಕಾರಿಗಾದರೆ ಸ್ನೆಲ್ ಎಂಬ ಹೆಲ್ಮೆಟ್ ಪರೀಕ್ಷಾ ಸಂಸ್ಥೆಯ ಎಸ್‌ಎ 2020 ಅಥವಾ ಎಫ್‌ಐಎ 8859 ಗುರುತು ನೋಡಿ. ಒಳಗಿನ ಬಟ್ಟೆ ಬೆಂಕಿ ತಡೆಯುವಂಥದ್ದು, ಕತ್ತನ್ನು ಹಿಡಿದಿಡುವ ಹ್ಯಾನ್ಸ್ ಪಟ್ಟಿ ಸಿಕ್ಕಿಸುವ ಜಾಗವೂ ಇರುತ್ತದೆ. ಕಾರ್ಟಿಗೆ ಸ್ನೆಲ್ ಕೆ ಸರಣಿ, ಚಿಕ್ಕ ಮಕ್ಕಳಿಗೆ ಹಗುರವಾದ ಸಿಎಂಆರ್ ಸರಣಿ. ಮಗುವಿನ ಎಳೆಯ ಕತ್ತಿಗೆ ದೊಡ್ಡವರ ಹೆಲ್ಮೆಟ್ಟಿನ ಭಾರವೇ ಅಪಾಯ. ಬೈಕಿಗೆ ಆಯಾ ಸ್ಪರ್ಧೆಯ ನಿಯಮದಲ್ಲಿ ಹೇಳಿರುವ ಗುರುತು, ಜೊತೆಗೆ ಕುತ್ತಿಗೆ ಪಟ್ಟಿಗೆ ಡಬಲ್ ಡಿ ರಿಂಗ್, ಅಂದರೆ ಪಟ್ಟಿಯನ್ನು ತೂರಿಸಿ ಬಿಗಿಯುವ ಎರಡು ಲೋಹದ ಬಳೆ. ಕ್ಲಿಕ್ ಎನ್ನುವ ಪ್ಲಾಸ್ಟಿಕ್ ಬಕಲ್ ನೋಡಿದ ಕೂಡಲೇ ತಪಾಸಕರು ಪಕ್ಕಕ್ಕೆ ಇಡುತ್ತಾರೆ.

ಎಲ್ಲರೂ ಮೋಸ ಹೋಗುವ ಜಾಗ ಸೂಟ್. ಕಾರ್ಟ್ ಸೂಟ್ ಉಜ್ಜುವಿಕೆ ತಡೆಯುತ್ತದೆ, ಬೆಂಕಿ ತಡೆಯುವುದಿಲ್ಲ. ಕಾರಿನ ಸೂಟ್ ಬೆಂಕಿ ತಡೆಯುತ್ತದೆ, ಉಜ್ಜಿದರೆ ಹರಿಯುತ್ತದೆ. ನೋಡಲು ಎರಡೂ ಒಂದೇ. ಕಾರಿನ ಸೂಟಿನ ಕಾಲರಿನ ಹಿಂದೆ ಎಫ್‌ಐಎ 8856 ಎಂದು ಕಸೂತಿ ಮಾಡಿರುತ್ತದೆ, ಅದು ಇಲ್ಲದಿದ್ದರೆ ಬಣ್ಣ ನೋಡಿ ಮರುಳಾಗಬೇಡಿ. ಕಾರ್ಟಿಗೆ ಪಕ್ಕೆಲುಬಿನ ರಕ್ಷಾಕವಚವನ್ನು ಮರೆಯಬೇಡಿ. ಬಾಡಿಗೆ ಕಾರ್ಟಿನ ಸಡಿಲ ಸೀಟಿನಲ್ಲಿ ಅರ್ಧ ದಿನ ಓಡಿಸಿದರೆ ಪಕ್ಕೆ ನೀಲಿಗಟ್ಟುತ್ತದೆ. ಬೈಕಿಗೆ ಒಂದೇ ತುಂಡಿನ ಚರ್ಮದ ಸೂಟ್, ಬೆನ್ನು ಮತ್ತು ಎದೆಯ ರಕ್ಷಾಕವಚ, ಮಣಿಕಟ್ಟು ದಾಟುವ ಕೈಗವಸು, ಕಣಕಾಲು ಮುಚ್ಚುವ ಬೂಟು.

ಸೂಟ್ ಹಳೆಯದಾದರೂ ಪರವಾಗಿಲ್ಲ, ಹೊಲಿಗೆ ಗಟ್ಟಿಯಿದ್ದರೆ ಸಾಕು. ಹೆಲ್ಮೆಟ್ ಮಾತ್ರ ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ. ಒಮ್ಮೆ ಬಿದ್ದ ಹೆಲ್ಮೆಟ್ಟಿನ ಒಳಗಿನ ಫೋಮ್ ಅಪ್ಪಚ್ಚಿಯಾಗಿದ್ದರೂ ಹೊರಗೆ ಗೀರು ಕೂಡ ಕಾಣುವುದಿಲ್ಲ.

ಹಂತ 6: ಮೊದಲ ಸ್ಪರ್ಧೆ

ಪೂರಕ ನಿಯಮಾವಳಿ ಎಂಬ ಕಡತವನ್ನು ಸಂಘಟಕರು ಮುಂಚೆಯೇ ಪ್ರಕಟಿಸುತ್ತಾರೆ. ಅದರಲ್ಲಿ ಎಫ್‌ಎಂಎಸ್‌ಸಿಐ ಪರ್ಮಿಟ್ ಸಂಖ್ಯೆ ಇದೆಯೇ ನೋಡಿ. ಇಲ್ಲದಿದ್ದರೆ ‘ನ್ಯಾಷನಲ್’ ಎಂದು ಬ್ಯಾನರಿನಲ್ಲಿ ಬರೆದಿದ್ದರೂ ಆ ಟ್ರೋಫಿ ನಿಮ್ಮ ವೃತ್ತಿಗೆ ಲೆಕ್ಕಕ್ಕಿಲ್ಲ. ಇಂಥ ‘ರಾಷ್ಟ್ರೀಯ ಚಾಂಪಿಯನ್’ಗಳು ಜಿಲ್ಲೆಗೆ ನಾಲ್ಕು ಜನ ಸಿಗುತ್ತಾರೆ.

ಸ್ಪರ್ಧೆಯ ಮೊದಲ ಗಂಡಾಂತರ ಸ್ಕ್ರೂಟಿನಿ, ಅಂದರೆ ತಾಂತ್ರಿಕ ತಪಾಸಣೆ. ಆಟೋಕ್ರಾಸಿಗೆ ಮನೆಯ ಕಾರು ತಂದವರು ಜಾಕ್, ಸ್ಟೆಪ್ನಿ, ಮ್ಯಾಟು, ನೀರಿನ ಬಾಟಲಿ ಎಲ್ಲ ಇಳಿಸಿರಬೇಕು. ಡ್ಯಾಶ್‌ಬೋರ್ಡಿನ ಗಣಪನನ್ನೂ ಭಕ್ತಿಯಿಂದಲೇ ತೆಗೆದು ಚೀಲದಲ್ಲಿಡಿ, ಉರುಳಿದಾಗ ಅವನೇ ಬಂದು ಹಣೆಗೆ ಬಡಿಯುತ್ತಾನೆ. ಬ್ಯಾಟರಿ ಅಲುಗಬಾರದು, ಟರ್ಮಿನಲ್ ಮುಚ್ಚಿರಬೇಕು, ಎಳೆಯುವ ಕೊಕ್ಕೆ ಹಾಕಿರಬೇಕು. ಹಿಂದಿನ ವಾರವೇ ಬ್ರೇಕ್ ಆಯಿಲ್ ಹೊಸದು ಹಾಕಿಸಿ. ಹಳೆಯದು ನೀರು ಹೀರಿರುತ್ತದೆ, ಬ್ರೇಕ್ ಕಾದಾಗ ಆ ನೀರು ಕುದಿದು ಪೆಡಲ್ ನೆಲಕ್ಕೆ ಹೋಗುತ್ತದೆ. ಮಣ್ಣಿಗೆಂದು ಟೈರಿನ ಗಾಳಿ ತೀರಾ ಇಳಿಸುವುದೂ ತಪ್ಪು, ಬಿಗಿ ತಿರುವಿನಲ್ಲಿ ಟೈರಿನ ಅಂಚು ರಿಮ್ ಬಿಟ್ಟು ಬರುತ್ತದೆ.

ಮುಂದೊಂದು ದಿನ ಸ್ವಂತ ಬೈಕ್ ತರುವವರಿಗೆ: ಎಂಜಿನ್ ಆಯಿಲಿನ ಡ್ರೈನ್ ಬೋಲ್ಟಿಗೆ ಸಣ್ಣ ತೂತು ಕೊರೆದು ಸ್ಟೀಲ್ ತಂತಿ ಬಿಗಿಯಬೇಕು, ಇದೇ ಲಾಕ್ ವೈರ್. ತಂತಿ ಬೋಲ್ಟನ್ನು ಬಿಗಿಯಾಗುವ ದಿಕ್ಕಿಗೆ ಎಳೆಯುತ್ತಿರಬೇಕು. ಉಲ್ಟಾ ಕಟ್ಟಿದರೆ ಕಟ್ಟಿಯೂ ಪ್ರಯೋಜನವಿಲ್ಲ. ರೇಡಿಯೇಟರಿನಲ್ಲಿ ಹಸಿರು ಕೂಲೆಂಟ್ ಬೇಡ, ಬರೀ ನೀರು. ಕೂಲೆಂಟ್ ಟ್ರ್ಯಾಕಿಗೆ ಚೆಲ್ಲಿದರೆ ಹಿಂದಿನವರೆಲ್ಲ ಜಾರಿ ಬೀಳುತ್ತಾರೆ.

ಡ್ರೈವರ್ಸ್ ಬ್ರೀಫಿಂಗ್ ತಪ್ಪಿಸಬೇಡಿ, ಗೈರಾದರೆ ದಂಡ ಬೀಳಬಹುದು. ಧ್ವಜಗಳು ಬಾಯಿಪಾಠ ಇರಲಿ. ಹಳದಿ ಎಂದರೆ ಮುಂದೆ ಅಪಾಯ, ಓವರ್‌ಟೇಕ್ ಇಲ್ಲ. ಕೆಂಪು ಎಂದರೆ ರೇಸ್ ನಿಂತಿದೆ. ನೀಲಿ ಎಂದರೆ ವೇಗದವರು ಹಿಂದೆ ಬಂದಿದ್ದಾರೆ. ಹಳದಿ ಕೆಂಪು ಪಟ್ಟೆ ಎಂದರೆ ನೆಲ ಜಾರುತ್ತಿದೆ. ಕಪ್ಪು ಬಟ್ಟೆಯಲ್ಲಿ ಕಿತ್ತಳೆ ವೃತ್ತ, ಜೊತೆಗೆ ನಿಮ್ಮ ಸಂಖ್ಯೆ ಎಂದರೆ ನಿಮ್ಮ ಗಾಡಿಯಲ್ಲೇನೋ ಕೆಟ್ಟಿದೆ, ಪಿಟ್‌ಗೆ, ಅಂದರೆ ಟ್ರ್ಯಾಕಿನ ಪಕ್ಕದ ರಿಪೇರಿ ಜಾಗಕ್ಕೆ, ಬನ್ನಿ. ಹೊಸಬರು ಹೆಚ್ಚು ಶಿಕ್ಷೆ ತಿನ್ನುವುದು ಹಳದಿಯಲ್ಲಿ ಮುಂದಿನವರನ್ನು ದಾಟಿ.

ಹಂತ 7: ಪ್ರಯಾಣ, ವಿಮೆ, ದುಡ್ಡು

ಮೈಸೂರಿನಿಂದ ಕೊಯಮತ್ತೂರು ಸುಮಾರು 200 ಕಿ.ಮೀ. ಚಾಮರಾಜನಗರ, ಸತ್ಯಮಂಗಲ ಮೂಲಕ ಹೋದರೆ 27 ಹೇರ್‌ಪಿನ್ ತಿರುವುಗಳ ದಿಂಬಂ ಘಟ್ಟ, ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ. ಗುಂಡ್ಲುಪೇಟೆ, ಊಟಿ ದಾರಿ ಹಿಡಿದರೂ ಬಂಡೀಪುರ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ಶನಿವಾರ ಬೆಳಗ್ಗೆ ಏಳಕ್ಕೆ ತಪಾಸಣೆ ಇದ್ದರೆ ಶುಕ್ರವಾರ ಮಧ್ಯಾಹ್ನವೇ ಹೊರಡಿ. ಬೈಕಿನಲ್ಲಿ ಬೆಂಗಳೂರಿಗೆ ಹೋಗುವವರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥ ಹತ್ತಬೇಡಿ, 2023ರ ಆಗಸ್ಟ್ 1ರಿಂದ ದ್ವಿಚಕ್ರಕ್ಕೆ ನಿಷೇಧವಿದೆ. ಸರ್ವಿಸ್ ರಸ್ತೆಯ ಹೆಚ್ಚುವರಿ ಸಮಯ ಲೆಕ್ಕಕ್ಕೆ ಹಿಡಿಯಿರಿ.

ವಿಮೆಯ ವಿಷಯ ಹೆಚ್ಚಿನವರಿಗೆ ಗೊತ್ತೇ ಇಲ್ಲ. ನಿಮ್ಮ ಕಾರಿನ ಸಾಮಾನ್ಯ ಪಾಲಿಸಿಯಲ್ಲಿ ಸಂಘಟಿತ ರೇಸಿಂಗ್, ವೇಗ ಪರೀಕ್ಷೆಗಳಿಗೆ ರಕ್ಷಣೆ ಇಲ್ಲ ಎಂದು ಬರೆದೇ ಇರುತ್ತದೆ. ಆಟೋಕ್ರಾಸಿನಲ್ಲಿ ಬಂಪರ್ ಹೋದರೆ ಕ್ಲೇಮ್ ಇಲ್ಲ. ಆರೋಗ್ಯ ವಿಮೆಯಲ್ಲೂ ವೃತ್ತಿಪರರಾಗಿ ಅಪಾಯಕಾರಿ ಕ್ರೀಡೆಯಲ್ಲಿ ತೊಡಗಿದರೆ ಚಿಕಿತ್ಸಾ ವೆಚ್ಚ ಸಿಗುವುದಿಲ್ಲ ಎಂಬ ಕಲಮು ಸಾಮಾನ್ಯ, ಆ ಪಟ್ಟಿಯಲ್ಲಿ ಮೋಟಾರ್ ರೇಸಿಂಗ್ ಹೆಸರು ಹಿಡಿದೇ ಇದೆ. ಸ್ಪರ್ಧಾ ಲೈಸೆನ್ಸಿನೊಂದಿಗೆ ಯಾವ ರಕ್ಷಣೆ, ಎಷ್ಟರವರೆಗೆ ಬರುತ್ತದೆ ಎಂದು ಓದಿ, ಕೊರತೆಗೆ ಬೇರೆ ಅಪಘಾತ ವಿಮೆ ಮಾಡಿಸಿ.

ಬಜೆಟ್ ಬರೆಯುವಾಗ ಪ್ರವೇಶ ಶುಲ್ಕದಿಂದ ಶುರು ಮಾಡಬೇಡಿ. ಟೈರ್, ಪ್ರಯಾಣ, ಲಾಡ್ಜ್, ಜಖಂ ಪರಿಹಾರ, ಅಭ್ಯಾಸದ ದಿನದ ಬಾಡಿಗೆ ಇವನ್ನೇ ಮೊದಲು ಬರೆಯಿರಿ, ಶುಲ್ಕ ಕೊನೆಗೆ ಬರಲಿ. ಒಟ್ಟು ಮೊತ್ತದ ಮೇಲೆ ಮೂರನೇ ಒಂದು ಪಾಲು ಕೈಯಲ್ಲಿ ಮಿಕ್ಕಿರದಿದ್ದರೆ ಆ ಸೀಸನ್ ಬಿಟ್ಟು, ಅದೇ ದುಡ್ಡಿನಲ್ಲಿ ಕಾರ್ಟಿಂಗ್ ಮುಂದುವರಿಸಿ. ಅರ್ಧ ಸೀಸನ್ ಓಡಿಸಿದವರಿಗೆ ಪಾಯಿಂಟೂ ಇಲ್ಲ, ಪ್ರಾಯೋಜಕರೂ ಇಲ್ಲ.

ಪ್ರಾಯೋಜಕರನ್ನು ಕೇಳಲು ಹೋಗುವಾಗ ಕನಸಿನ ಕಥೆ ಬೇಡ. ಒಂದು ಪುಟದಲ್ಲಿ ಲೈಸೆನ್ಸ್ ಸಂಖ್ಯೆ, ಓಡಿಸಿದ ಸ್ಪರ್ಧೆಗಳ ಅಧಿಕೃತ ಫಲಿತಾಂಶ, ಮುಂದಿನ ಸೀಸನ್ನಿನ ದಿನಾಂಕಗಳು, ಸೂಟಿನ ಯಾವ ಜಾಗದಲ್ಲಿ ಅವರ ಹೆಸರು ಬರುತ್ತದೆ, ಎಷ್ಟು ಬೇಕು, ಇಷ್ಟು ಸಾಕು. ದೊಡ್ಡ ಟೈರ್ ಕಂಪನಿಗೆ ಪತ್ರ ಬರೆದು ಕಾಯುವುದಕ್ಕಿಂತ ನಿಮ್ಮನ್ನು ಬಲ್ಲ ಶೋರೂಮಿನ ಮಾಲೀಕರು, ರೈಸ್ ಮಿಲ್ಲಿನವರು, ಊರಿನ ಜಿಮ್ ಇವರಿಂದ ಟೈರಿನ ಒಂದು ಸೆಟ್ ಸಿಗುವುದು ಬೇಗ.

ಹಂತ 8: ಓದು ಬಿಡಬೇಡಿ

ಇಂಜಿನಿಯರಿಂಗ್ ಓದುವವರಿಗೆ ಕ್ಯಾಂಪಸ್ಸಿನೊಳಗೇ ಒಂದು ಬಾಗಿಲಿದೆ. ಕೊಯಮತ್ತೂರಿನ ಕರಿಯಲ್ಲಿ ನಡೆಯುವ ಫಾರ್ಮುಲಾ ಭಾರತ್, ಮಣ್ಣಿನ ಗಾಡಿಗಳ ಬಾಹಾ ಎಸ್‌ಎಇ ಇಂಡಿಯಾ ಇವು ವಿದ್ಯಾರ್ಥಿಗಳೇ ಗಾಡಿ ವಿನ್ಯಾಸ ಮಾಡಿ, ಕಟ್ಟಿ, ಓಡಿಸುವ ಸ್ಪರ್ಧೆಗಳು. ಮೈಸೂರಿನ ಎನ್‌ಐಇ, ಎಸ್‌ಜೆಸಿಇ, ಮಂಡ್ಯದ ಪಿಇಎಸ್ ಇಂಥ ಕಾಲೇಜುಗಳಲ್ಲಿ ಸೀಟು ಸಿಕ್ಕರೆ ತಂಡ ಇದೆಯೇ ವಿಚಾರಿಸಿ, ಇಲ್ಲದಿದ್ದರೆ ಎಂಟು ಹತ್ತು ಜನ ಸೇರಿ ಕಟ್ಟಿ. ವೆಲ್ಡಿಂಗ್, ಸಸ್ಪೆನ್ಷನ್ ಜಾಮಿತಿ, ಡೇಟಾ ಓದುವುದು ಇಲ್ಲಿ ಕೈಗೆ ಹತ್ತುತ್ತದೆ. ಐಟಿಐ ಓದುವವರು ರೇಸ್ ತಂಡದ ಮೆಕ್ಯಾನಿಕ್ ಆಗಿ ಸೇರಿದರೆ ಸಂಬಳದ ಜೊತೆಗೆ ಗಾಡಿಗಳ ಒಳಗುಟ್ಟೂ ಸಿಗುತ್ತದೆ.

ಈ ವರ್ಷವೇ ಶುರು ಮಾಡುವವರ ಕ್ರಮ ಹೀಗಿರಲಿ: ಮೊದಲ ಮೂರು ತಿಂಗಳು ವಾರದ ದಿನದ ಕಾರ್ಟಿಂಗ್ ಮತ್ತು ದಿನಾ ಮುಕ್ಕಾಲು ಗಂಟೆ ಓಟ ಅಥವಾ ಸೈಕಲ್. ಆ ನಡುವೆ ಒಂದು ರ‍್ಯಾಲಿಯಲ್ಲಿ ಮಾರ್ಷಲ್ ಕೆಲಸ. ನಾಲ್ಕನೇ ತಿಂಗಳು ಹೆಲ್ಮೆಟ್, ಐದನೇ ತಿಂಗಳು ಶಾಲೆ. ಶಾಲೆಯವರು ‘ಬಾ, ರೇಸಿಗೆ ಇಳಿ’ ಎಂದ ಮೇಲೆ ಲೈಸೆನ್ಸ್. ಅವರು ‘ಇನ್ನೊಂದು ಸಲ ಬಾ’ ಎಂದರೆ ಇನ್ನೊಂದು ಸಲವೇ ಹೋಗಿ.